ಅಲ್ಯೂಮಿನಿಯಂ ದೋಣಿಯಲ್ಲಿ ಸಾಗರ ಗೆದ್ದ ತಬಾರ್ಲಿ

ಸಾಗರಯಾನಕ್ಕೆ ಅಲ್ಯೂಮಿನಿಯಂ ಹಾಯಿದೋಣಿಯೂ ಸಮರ್ಥ ಎಂಬುದನ್ನು ಸಾಬೀತುಪಡಿಸಿದವರಲ್ಲಿ ಫ್ರಾನ್ಸ್‌ನ ಎರಿಕ್ ತಬಾರ್ಲಿ ಪ್ರಮುಖರು. ಒಮ್ಮೆ ಗೆದ್ದ ದೋಣಿಗೇ ಅಂಟಿಕೊಳ್ಳದೆ, ಮುಂದಿನ ಸ್ಪರ್ಧೆಯ ಅಗತ್ಯಕ್ಕೆ ತಕ್ಕಂತೆ ಹೊಸ ದೋಣಿಯನ್ನು ಯೋಜಿಸುತ್ತಿದ್ದುದು ಅವರ ವೈಶಿಷ್ಟ್ಯ.

1931ರ ಜುಲೈ 24ರಂದು ನಾಂತ್ ನಗರದಲ್ಲಿ ಜನಿಸಿದ ತಬಾರ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದರು. ತಂದೆಯಿಂದ ಬಂದ, 1898ರಲ್ಲಿ ನಿರ್ಮಾಣವಾದ 'ಪೆನ್ ಡುಯಿಕ್' ದೋಣಿಯ ಮರ ಕೊಳೆತುಹೋಗಿತ್ತು. ಆ ಹಳೆಯ ಒಡಲನ್ನೇ ಅಚ್ಚಾಗಿಸಿಕೊಂಡು, ಗಾಜಿನ ನಾರು ಮತ್ತು ರಾಳದಿಂದ ಅವರು ಹೊಸ ಒಡಲು ನಿರ್ಮಿಸಿದರು. ಮುಂದಿನ ದೋಣಿಗಳಿಗೂ ಅದೇ ಹೆಸರಿಟ್ಟರು.

1964ರಲ್ಲಿ ಪ್ಲೈವುಡ್‌ನ 'ಪೆನ್ ಡುಯಿಕ್-2'ರಲ್ಲಿ ಒಂಟಿಯಾಗಿ 27 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಗೆದ್ದಾಗ ಅವರು ದೇಶದ ಮನೆಮಾತಾದರು.

ಬಳಿಕ ಅವರು ಆರಿಸಿಕೊಂಡದ್ದು ಅಲ್ಯೂಮಿನಿಯಂ. ಉಕ್ಕಿಗಿಂತ ಹಗುರವಾದ ಇದರ ತಗಡುಗಳನ್ನು ಬೆಸುಗೆ ಹಾಕಿ ಗಟ್ಟಿಯಾದ ಒಡಲು ಕಟ್ಟಬಹುದು. ಆದರೆ ಉಪ್ಪುನೀರಿನಲ್ಲಿ ತಾಮ್ರದಂತಹ ಲೋಹ ಇದಕ್ಕೆ ತಾಗಿದರೆ ಒಡಲು ಸವೆಯುತ್ತದೆ. ಆದ್ದರಿಂದ ಎರಡೂ ಲೋಹಗಳು ಪರಸ್ಪರ ತಾಗದಂತೆ ನಿರ್ಮಾಣದ ಹಂತದಲ್ಲೇ ಎಚ್ಚರ ವಹಿಸಬೇಕು. 1967ರಲ್ಲಿ ಲೋರಿಯಾಂನಲ್ಲಿ ಸಿದ್ಧವಾದ 'ಪೆನ್ ಡುಯಿಕ್-3' ಅದೇ ವರ್ಷ ಫಾಸ್ಟ್‌ನೆಟ್ ಸ್ಪರ್ಧೆ ಗೆದ್ದಿತು. ಸಿಡ್ನಿ-ಹೋಬಾರ್ಟ್ ಸ್ಪರ್ಧೆಯಲ್ಲಿ ಮೊದಲಿಗೆ ಗುರಿ ಮುಟ್ಟಿತು.

ಎಲ್ಲ ಪ್ರಯೋಗಗಳೂ ತಕ್ಷಣ ಫಲಿಸಲಿಲ್ಲ. 1968ರ ಅಟ್ಲಾಂಟಿಕ್ ಸ್ಪರ್ಧೆಗೆ ಕೆಲವೇ ವಾರ ಮೊದಲು ನೀರಿಗಿಳಿದ, ಮೂರು ಒಡಲುಗಳ 'ಪೆನ್ ಡುಯಿಕ್-4' ಸರಕು ಹಡಗಿಗೆ ಡಿಕ್ಕಿಯಾಗಿ ಸ್ಪರ್ಧೆಯಿಂದ ಹಿಂದೆ ಸರಿಯಿತು. ಅದನ್ನು ಕೊಂಡ ಅಲೈನ್ ಕೊಲಾ 1972ರಲ್ಲಿ ಅದೇ ಸ್ಪರ್ಧೆ ಗೆದ್ದರು. 1973ರಲ್ಲಿ ಬ್ರೆಸ್ಟ್‌ನಲ್ಲಿ ನಿರ್ಮಾಣವಾದ 'ಪೆನ್ ಡುಯಿಕ್-6' ವಿಶ್ವ ಪರ್ಯಟನ ಸ್ಪರ್ಧೆಗೆ ಇಳಿದಾಗ ಎರಡು ಬಾರಿ ಅದರ ಹಾಯಿಕಂಬ ಮುರಿಯಿತು.

ಹತ್ತಕ್ಕೂ ಹೆಚ್ಚು ನಾವಿಕರಿಗಾಗಿ ಕಟ್ಟಿದ್ದ ಆ ದೋಣಿಯನ್ನೇ 1976ರಲ್ಲಿ ತಬಾರ್ಲಿ ಒಂಟಿಯಾಗಿ ನಡೆಸಿದರು. ಸ್ವಯಂಚಾಲಿತ ಚುಕ್ಕಾಣಿ ಕೆಟ್ಟರೂ, ಬಿರುಗಾಳಿಗಳನ್ನು ಎದುರಿಸಿ, ಸುಮಾರು 24 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಎರಡನೇ ಬಾರಿ ವಿಜೇತರಾದರು. 1980ರಲ್ಲಿ 'ಪಾಲ್ ರಿಕಾರ್' ದೋಣಿಯಲ್ಲಿ 10 ದಿನ 5 ಗಂಟೆಗಳಲ್ಲಿ ಅಟ್ಲಾಂಟಿಕ್ ದಾಟಿ, 1905ರಿಂದ ಉಳಿದಿದ್ದ ದಾಖಲೆ ಮುರಿದರು.

ದೋಣಿಯ ಭದ್ರತೆಗೆ ಇಷ್ಟೆಲ್ಲ ಶ್ರಮಿಸಿದ ತಬಾರ್ಲಿ ಸುರಕ್ಷತಾ ಹಗ್ಗವನ್ನು ಕಟ್ಟಿಕೊಳ್ಳುತ್ತಿದ್ದುದು ಅಪರೂಪ. 1998ರ ಜೂನ್ 12ರ ರಾತ್ರಿ ಕಳೆದು 13ರ ಬೆಳಗಾಗುವುದರೊಳಗೆ, ವೇಲ್ಸ್ ಕರಾವಳಿಯಾಚೆ ಹಾಯಿ ಬದಲಿಸುವಾಗ ಅವರು ಹಳೆಯ 'ಪೆನ್ ಡುಯಿಕ್'ನಿಂದ ಕಡಲಿಗೆ ಬಿದ್ದು ಮೃತಪಟ್ಟರು. ಆಗ ಅವರಿಗೆ 66 ವರ್ಷ. ಒಂದು ತಿಂಗಳಿಗೂ ಹೆಚ್ಚು ಕಾಲದ ನಂತರ ಮೀನುಗಾರಿಕಾ ದೋಣಿಯೊಂದಕ್ಕೆ ಅವರ ದೇಹ ಸಿಕ್ಕಿತು.

ಅವರು ಯೋಜಿಸಿದ 'ಪೆನ್ ಡುಯಿಕ್-6' ನಿರ್ಮಾಣವಾಗಿ 50 ವರ್ಷ ತುಂಬಿದ 2023ರಲ್ಲಿ, ಪುತ್ರಿ ಮರಿ ತಬಾರ್ಲಿ ಅವರ ನೇತೃತ್ವದಲ್ಲಿ ಮತ್ತೊಮ್ಮೆ ವಿಶ್ವ ಪರ್ಯಟನ ಸ್ಪರ್ಧೆಗೆ ಹೊರಟಿತು.