ಅಪ್ಪ ಎನಿಸಿಕೊಂಡ ಸಾಹೇಬ

ಹುಮನಾಬಾದ್‌ನಲ್ಲಿ ಸೊಲ್ಲಾಪುರದ ಬಸ್ ಹತ್ತಿದರೆ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ, ಉಮರ್ಗಾ ದಾಟಿದ ಮೇಲೆ ನಳದುರ್ಗ ಬರುತ್ತದೆ. ನಮ್ಮ ಕಡೆಯ ಎಷ್ಟೋ ಹುಡುಗರು ಕೆಲಸ ಹುಡುಕಿಕೊಂಡು ಪುಣೆ, ಮುಂಬೈಗೆ ಹೋಗುವುದು ಇದೇ ದಾರಿಯಲ್ಲಿ. 1853ರಲ್ಲಿ ಈ ನಳದುರ್ಗದ ಸೀಮೆಗೆ ಅಧಿಕಾರಿಯಾಗಿ ಒಬ್ಬ ಇಂಗ್ಲಿಷ್ ಸಾಹೇಬ ಬಂದ. ಅವನು ಸುರಪುರದ ಬೆಟ್ಟದ ಮೇಲೆ ಒಬ್ಬ ಯುವಕನನ್ನು ಬಿಟ್ಟು ಬಂದಿದ್ದ. ಆ ಯುವಕ ಅವನ ಮಗನಲ್ಲ, ಕಾಗದ ಬರೆದು ದತ್ತು ತೆಗೆದುಕೊಂಡವನೂ ಅಲ್ಲ. ಆದರೆ ಅವನನ್ನು ಕರೆಯುತ್ತಿದ್ದುದು ಅಪ್ಪ ಎಂದೇ. ಸಾಹೇಬನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಯುವಕ ಸುರಪುರದ ರಾಜಾ ವೆಂಕಟಪ್ಪ ನಾಯಕ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆಯ ವ್ಯಾಪಾರ ಕೈಕೊಟ್ಟಿತ್ತು. ಹದಿನೈದನೇ ವಯಸ್ಸಿಗೆ ಹುಡುಗನನ್ನು ಹಡಗು ಹತ್ತಿಸಿ ಮುಂಬೈಗೆ ಕಳಿಸಿದರು. ಅಲ್ಲಿ ಒಬ್ಬ ವ್ಯಾಪಾರಿಯ ಬಳಿ ಕೆಲಸ, ಮುಂದೆ ಪಾಲುದಾರಿಕೆ ಎಂಬ ಭರವಸೆ ಇತ್ತು. ಬಂದು ನೋಡಿದರೆ ವ್ಯಾಪಾರಿಯೇ ಮುಳುಗುವ ಸ್ಥಿತಿಯಲ್ಲಿದ್ದ. ಹೇಳಿದ್ದ ಕೆಲಸ ಒಂದು, ಸಿಕ್ಕಿದ್ದು ಇನ್ನೊಂದು ಎನ್ನುವ ಅನುಭವ ಇವತ್ತಿನ ನಮಗೂ ಹೊಸದಲ್ಲ. ಅವನಿಗೆ ಊರಿಗೆ ವಾಪಸ್ ಹೋಗಲು ದಾರಿ ಇರಲಿಲ್ಲ. 1824ರಲ್ಲಿ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಒಂದು ಹುದ್ದೆ ಸಿಕ್ಕಿತು, ಸೇರಿಕೊಂಡ.

ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಇಲ್ಲದ ಇಂಗ್ಲಿಷರಿಗೆ ಆಗ ಬಡ್ತಿಯ ಬಾಗಿಲು ಅರ್ಧ ಮುಚ್ಚಿದಂತೆಯೇ. ಟೇಲರ್ ಬಳಿ ದೊಡ್ಡ ಓದಿನ ಪ್ರಮಾಣಪತ್ರವೂ ಇರಲಿಲ್ಲ. ಅವನು ಕೂತು ಹಿಂದೂಸ್ತಾನಿ, ಮರಾಠಿ ಕಲಿತ. ಕಾನೂನು ಓದಿದ, ಕಟ್ಟಡದ ಕೆಲಸ ಕಲಿತ, ಚಿತ್ರ ಬರೆಯುವುದನ್ನು ರೂಢಿಸಿಕೊಂಡ. ಊರೂರು ತಿರುಗಿ ಪೊಲೀಸ್ ಕೆಲಸ ಮಾಡಿದ. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಬಗ್ಗೆ 1839ರಲ್ಲಿ ಅವನು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಹೈದರಾಬಾದಿನ ಬ್ಯಾಂಕರ್ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾಗಿದ್ದ. ಪಾಮರ್‌ನ ತಾಯಿ ಭಾರತೀಯಳು. ಹೀಗೆ ಟೇಲರ್ ಈ ನೆಲದ ನೆಂಟನೂ ಆಗಿದ್ದ.

1841ರ ಕೊನೆಗೆ ಅವನಿಗೆ ಸುರಪುರಕ್ಕೆ ಹೋಗುವ ಆದೇಶ ಬಂತು. ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಆಗ ಬೇಡ ನಾಯಕರ ಸಂಸ್ಥಾನ. ನಿಜಾಮನಿಗೆ ಕಪ್ಪ ಕೊಟ್ಟುಕೊಂಡು, ತನ್ನ ಗತ್ತು ಬಿಡದೆ ಬಾಳುತ್ತಿದ್ದ ರಾಜ್ಯ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪನಿಗೆ ಏಳೆಂಟು ವರ್ಷ. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪೆದ್ದ ನಾಯಕ, ನಡುವೆ ಖಾಲಿ ಖಜಾನೆ, ಮೇಲೆ ಬೆಟ್ಟದಷ್ಟು ಸಾಲ. ಜಗಳ ಬಿಡಿಸಲು ಬಂದ ಟೇಲರ್ ಕೆಲವೇ ದಿನಗಳಲ್ಲಿ ಆಡಳಿತವನ್ನೇ ಹೊರಬೇಕಾಯಿತು. ಹುಡುಗ ದೊಡ್ಡವನಾಗುವವರೆಗೆ ರಾಜ್ಯವನ್ನು ಕಾಯುವುದು ಅವನ ಕೆಲಸ. ರಾಜ್ಯದ ಜೊತೆ ಹುಡುಗನೂ ಬಂದ.

ಆ ಮಗುವಿನ ಸ್ಥಿತಿಯನ್ನು ಒಮ್ಮೆ ಯೋಚಿಸಿ. ಸುತ್ತ ನೂರಾರು ಜನ. ಒಬ್ಬೊಬ್ಬರಿಗೂ ಅವನಿಂದ ಏನೋ ಆಗಬೇಕಿತ್ತು. ಒಬ್ಬರಿಗೆ ಅವನ ಸಹಿ, ಇನ್ನೊಬ್ಬರಿಗೆ ಅವನ ಗದ್ದುಗೆ, ಮತ್ತೊಬ್ಬರಿಗೆ ಕೊಟ್ಟ ಸಾಲದ ವಸೂಲಿ. ತಂದೆ ಇಲ್ಲದ ಆ ಮನೆಗೆ ಬಂದ ಪರದೇಶಿಯೂ ಸರ್ಕಾರದ ಕಡೆಯವನೇ. ಆದರೂ ಹುಡುಗ ಅವನನ್ನೇ ಹಚ್ಚಿಕೊಂಡ. ಯಾಕೆ?

ನನಗೆ ಕಾಣುವ ಮೊದಲ ಕಾರಣ, ಟೇಲರ್ ಅಲ್ಲೇ ಉಳಿದ. ಹುಡುಗನನ್ನು ಹೈದರಾಬಾದಿಗೋ ಮದ್ರಾಸಿಗೋ ಒಯ್ದು ತನ್ನ ರೀತಿಗೆ ತಿದ್ದಲು ಹೋಗಲಿಲ್ಲ. ಬೆಟ್ಟದ ಮೇಲೆ ಒಂದು ಬಂಗಲೆ ಕಟ್ಟಿಸಿ, ಹುಡುಗನ ಊರಲ್ಲೇ, ಹುಡುಗನ ಜನರ ನಡುವೆ ಹತ್ತಕ್ಕೂ ಹೆಚ್ಚು ವರ್ಷ ಬಾಳಿದ. ಆ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಇಂದಿಗೂ ಸುರಪುರದಲ್ಲಿದೆ. ಕೈಕೆಳಗೆ ಬೇರೆ ಇಂಗ್ಲಿಷ್ ಅಧಿಕಾರಿಗಳಿರಲಿಲ್ಲ. ರಸ್ತೆ ಮಾಡಿಸಿದ, ಕೆರೆಗಳ ಕೆಲಸ ಹಿಡಿದ, ಸಾಲ ತೀರಿಸುತ್ತ ಬಂದ. ರಾಜನ್ ಕೋಳೂರಿನ ಬೃಹತ್ ಶಿಲಾ ಸಮಾಧಿಗಳನ್ನು ಅಭ್ಯಾಸ ಮಾಡಿ ಬರೆದ. ಮೆಡೋಸ್ ಎಂಬ ಹೆಸರು ಜನರ ಬಾಯಲ್ಲಿ ಮಹಾದೇವ ಬಾಬಾ ಆಯಿತು.

ಎರಡನೆಯದು, ಅವನೂ ಹದಿನೈದಕ್ಕೇ ಮನೆ ಬಿಟ್ಟವನು. ದೊಡ್ಡವರ ಲೆಕ್ಕಾಚಾರದಲ್ಲಿ ಸಿಕ್ಕಿಬಿದ್ದ ಹುಡುಗನ ಒಂಟಿತನ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುರಪುರದ ದಿನಗಳಲ್ಲೇ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದಲ್ಲಿ ಬೆಳೆಯುತ್ತಿದ್ದರು. ಮಕ್ಕಳು ದೂರವಾದ ಅಪ್ಪ, ಅಪ್ಪ ಇಲ್ಲದ ಮಗ ಒಂದೇ ಬೆಟ್ಟದ ಮೇಲೆ ಇದ್ದರು. ಮಗು ಹದಿಹರೆಯಕ್ಕೆ ಬಂದ, ಹದಿಹರೆಯದವನು ದೊರೆಯಾಗುವ ವಯಸ್ಸಿಗೆ ಬಂದ. ಅಷ್ಟು ವರ್ಷವೂ ಕಣ್ಣೆದುರಿಗೆ ಇದ್ದ ಹಿರಿಯ ಇವನೊಬ್ಬ.

1853ರಲ್ಲಿ ವೆಂಕಟಪ್ಪ ನಾಯಕನ ಕೈಗೆ ರಾಜ್ಯ ಬಂತು. ಅದೇ ವರ್ಷ ನಿಜಾಮ ಸಾಲಕ್ಕಾಗಿ ಕೆಲವು ಜಿಲ್ಲೆಗಳನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ. ಅದರಲ್ಲಿ ನಳದುರ್ಗವೂ ಒಂದು. ಟೇಲರ್‌ಗೆ ಅಲ್ಲಿಯ ಹೊಣೆ ಬಿತ್ತು. ಹತ್ತೊಂಬತ್ತರ ಆಸುಪಾಸಿನ ದೊರೆ ಒಬ್ಬನೇ ಉಳಿದ. ಮತ್ತೆ ಸಾಲ ಬೆಳೆಯಿತು, ಮತ್ತೆ ಸುತ್ತ ಬೇಕಾದವರು ಬೇಡಾದವರು ಸೇರಿದರು. ಹಾಗೆಂದು ಅವನನ್ನು ದಾರಿ ತಪ್ಪಿದ ಹುಡುಗ ಎಂದು ತಳ್ಳಿಹಾಕುವುದು ತಪ್ಪು. ತನ್ನ ಸಂಸ್ಥಾನವನ್ನು ಪರರು ಹಿಡಿತಕ್ಕೆ ತೆಗೆದುಕೊಳ್ಳುವುದನ್ನು ಅವನು ಚಿಕ್ಕಂದಿನಿಂದ ಕಂಡವನು. ಪ್ರೀತಿಸುವ ಅಪ್ಪನೂ ಆ ಪರರ ಸಂಬಳದವನೇ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? 1857ರ ಬೆಂಕಿ ದಕ್ಷಿಣಕ್ಕೂ ಬಂದಾಗ ಅವನು ಬ್ರಿಟಿಷರ ವಿರುದ್ಧ ಎದ್ದ. 1858ರ ಫೆಬ್ರುವರಿಯಲ್ಲಿ ಸುರಪುರದ ಕಾಳಗ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಸತ್ತ. ಬೇಡರು ಕಾದಾಡಿದರೂ ಸುರಪುರ ಉಳಿಯಲಿಲ್ಲ. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಯಾದ.

ಸೆರೆಯಲ್ಲಿದ್ದವನನ್ನು ನೋಡಲು ಟೇಲರ್ ಹೋದ. ಸಂಚಿನಲ್ಲಿ ಇನ್ನಾರಿದ್ದರು ಎಂಬುದು ಸರ್ಕಾರಕ್ಕೆ ಬೇಕಿತ್ತು. ಹೆಸರು ಹೇಳಿದರೆ ಪ್ರಾಣ ಉಳಿಯಬಹುದಿತ್ತು. ರಾಜ ಯಾರ ಹೆಸರನ್ನೂ ಹೇಳಲಿಲ್ಲ. ಅಪ್ಪನ ಮೇಲಿನ ಪ್ರೀತಿಯೂ ಅವನನ್ನು ಅಲುಗಾಡಿಸಲಿಲ್ಲ. ಆದರೆ ಅಪ್ಪ ಎಂದು ಕರೆಯುವುದನ್ನೂ ಅವನು ಬಿಡಲಿಲ್ಲ. ಈ ಎರಡೂ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದೇ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಯಿತು, ಆಮೇಲೆ ಮದ್ರಾಸಿನ ಕಡೆಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ವೆಂಕಟಪ್ಪ ನಾಯಕ ಗುಂಡೇಟಿನಿಂದ ಸತ್ತ. ಅದು ಅವನೇ ಹಾರಿಸಿಕೊಂಡ ಗುಂಡು ಎಂದು ಬ್ರಿಟಿಷ್ ಅಧಿಕಾರಿಗಳ ವರದಿ. ಆಗ ಅವನಿಗೆ ಇಪ್ಪತ್ನಾಲ್ಕರ ಆಸುಪಾಸು, ನಮ್ಮಲ್ಲಿ ಅನೇಕರು ಮೊದಲ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸು.

ಟೇಲರ್‌ನನ್ನು ಮತ್ತೆ ಸುರಪುರಕ್ಕೇ ಆಡಳಿತಕ್ಕೆ ಕಳಿಸಿದರು. ಯಾರಿಗಾಗಿ ರಾಜ್ಯ ಕಾದಿದ್ದನೋ ಅವನೇ ಇಲ್ಲದ ಊರು. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಆರೋಗ್ಯ ಕೆಟ್ಟು ಟೇಲರ್ ಇಂಗ್ಲೆಂಡಿಗೆ ಮರಳಿದ. ಆಮೇಲೆ ಬರೆದದ್ದೂ ಈ ನೆಲದ ಕಥೆಗಳನ್ನೇ. 1863ರ ಅವನ ತಾರಾ ಕಾದಂಬರಿಯಲ್ಲಿ ತುಳಜಾಪುರ, ನಳದುರ್ಗ, ವಿಜಯಪುರದ ಸೀಮೆ ಇದೆ. ಕಣ್ಣು ಮಂಜಾದ ಮುಪ್ಪಿನಲ್ಲಿ, 1875ರಲ್ಲಿ, ಮತ್ತೊಮ್ಮೆ ಹೈದರಾಬಾದಿಗೆ ಬಂದ. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನ್ ಎಂಬಲ್ಲಿ ತೀರಿಕೊಂಡ. ಅವನ ಆತ್ಮಕಥೆಯನ್ನು ಮರುವರ್ಷ ಮಗಳು ಆಲಿಸ್ ಹೊರತಂದಳು.

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಅಪ್ಪ ಅಮ್ಮ ದುಡಿಯಲು ಪರ ಊರಿಗೆ ಹೋದಾಗ ಸೋದರಮಾವನ ಮನೆಯಲ್ಲೋ ದೊಡ್ಡಮ್ಮನ ಮನೆಯಲ್ಲೋ ಬೆಳೆದವರು ಬಹಳ. ಅಂಥ ಮನೆಗಳಲ್ಲಿ ಬೆಳೆಸಿದವರ ಮಾತಿಗೂ ಬೆಳೆದವರ ಮನಸ್ಸಿಗೂ ಒಂದು ದಿನ ಜಗಳ ಬಿದ್ದೇ ಬೀಳುತ್ತದೆ. ಆಗ ಉಂಡ ಅನ್ನದ ಲೆಕ್ಕ ಹೊರಬರುತ್ತದೆ. ಟೇಲರ್‌ನ ಬಾಳು ಹೇಳುವುದಿಷ್ಟು: ಪರರ ಮಗು ನಮ್ಮದಾಗುವುದು ನಾವು ಅದರ ಜೊತೆ ಕಳೆದ ದಿನಗಳಿಂದ. ಆ ದಿನಗಳು ಮಗುವಿನ ನಿಷ್ಠೆಯನ್ನು ಕೊಂಡುಕೊಳ್ಳಲಾರವು, ಆದರೆ ವ್ಯರ್ಥವೂ ಆಗುವುದಿಲ್ಲ. ನಮ್ಮನ್ನು ಸಾಕಿದವರ ಜೊತೆ ನಾವು ಒಪ್ಪದೆ ಇರಬಹುದು, ಅವರ ಎದುರು ನಿಲ್ಲಲೂಬಹುದು. ಕರೆಯುವ ಹೆಸರನ್ನು ಮಾತ್ರ ಬದಲಿಸಬೇಕಾಗಿಲ್ಲ.