ಕಾಫಿಯನ್ನು ಕುದಿಸಬಾರದು ಎಂದು 200 ವರ್ಷಗಳ ಹಿಂದೆಯೇ ಹೇಳಿದ ಕೌಂಟ್ ರಮ್‌ಫೋರ್ಡ್: ಶಾಖದ ಬೆನ್ನುಹತ್ತಿದವನ ಕಥೆ

ಒಂದು ಗುಂಡಿ ಒತ್ತಿದರೆ ಕಾಫಿ, ಇನ್ನೊಂದು ಒತ್ತಿದರೆ ಬರೀ ಬಿಸಿನೀರು. ಇಂಥ ಎರಡು ಕೆಲಸದ ಯಂತ್ರಗಳು ಈಗ ಮನೆಗಳಿಗೂ ಬರುತ್ತಿವೆ. ಕೊಳ್ಳುವಾಗ ಹೆಚ್ಚಿನವರು ನೋಡುವುದು ಬೆಲೆ, ಬಣ್ಣ ಮತ್ತು ವ್ಯಾಟ್. ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ನೀರು ಎಷ್ಟು ಬಿಸಿಯಾಗಬೇಕು? ಆ ಬಿಸಿ ಎಷ್ಟು ಹೊತ್ತು ಉಳಿಯುತ್ತದೆ? ಉಳಿಸಿಕೊಳ್ಳಲು ತಗಲುವ ಖರ್ಚೆಷ್ಟು? ಈ ಪ್ರಶ್ನೆಗಳನ್ನು ಅಡುಗೆಮನೆಗೆ ತಂದು, ಥರ್ಮಾಮೀಟರ್ ಹಿಡಿದು ಉತ್ತರ ಹುಡುಕಿದವರಲ್ಲಿ ಮೊದಲಿಗ ಬೆಂಜಮಿನ್ ಥಾಮ್ಸನ್. ಜಗತ್ತಿಗೆ ಆತ ಕೌಂಟ್ ರಮ್‌ಫೋರ್ಡ್ ಎಂದೇ ಪರಿಚಿತ.

ಅಂಗಡಿ ಹುಡುಗ, ಮೇಷ್ಟ್ರು, ಗೂಢಚಾರ

ಥಾಮ್ಸನ್ ಹುಟ್ಟಿದ್ದು 1753ರ ಮಾರ್ಚ್ 26ರಂದು, ಅಮೆರಿಕದ ಮ್ಯಾಸಚೂಸೆಟ್ಸ್‌ನ ವೋಬರ್ನ್ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. 13ನೇ ವಯಸ್ಸಿಗೆ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದ. ಪಟಾಕಿ ಮದ್ದು ತಯಾರಿಸಲು ಹೋಗಿ ಮೈ ಸುಟ್ಟುಕೊಂಡದ್ದೂ ಉಂಟು. ಹಾರ್ವರ್ಡ್ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸ ಕೇಳಲು ಗೆಳೆಯನ ಜೊತೆ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದ.

ಮುಂದೆ ಮೇಷ್ಟ್ರಾಗಿ ರಮ್‌ಫೋರ್ಡ್ ಎಂಬ ಊರಿಗೆ ಹೋದ. ಈಗ ಆ ಊರಿನ ಹೆಸರು ಕಾನ್ಕರ್ಡ್. 1772ರಲ್ಲಿ, 19ನೇ ವಯಸ್ಸಿಗೆ, ತನಗಿಂತ ಬಹಳ ದೊಡ್ಡವಳಾದ ಶ್ರೀಮಂತ ವಿಧವೆ ಸಾರಾಳನ್ನು ಮದುವೆಯಾದ. 1774ರಲ್ಲಿ ಮಗಳು ಹುಟ್ಟಿದಳು.

ಅಷ್ಟರಲ್ಲಿ ಅಮೆರಿಕ ಬ್ರಿಟನ್ ವಿರುದ್ಧ ದಂಗೆ ಎದ್ದಿತ್ತು. ಥಾಮ್ಸನ್ ಬ್ರಿಟಿಷರ ಪರ ನಿಂತು, ಕಣ್ಣಿಗೆ ಕಾಣದ ಶಾಯಿಯಲ್ಲಿ ಬರೆದು ಗುಟ್ಟಿನ ಸುದ್ದಿ ಕಳಿಸಿದ. 1776ರಲ್ಲಿ ಹೆಂಡತಿ ಮತ್ತು ಎಳೆಯ ಮಗಳನ್ನು ಬಿಟ್ಟು ಲಂಡನ್ ಸೇರಿದ. ಹೆಂಡತಿ 1792ರಲ್ಲಿ ತೀರಿಕೊಂಡಳು. ಅಲ್ಲಿಯವರೆಗೆ ಒಮ್ಮೆಯೂ ಆತ ಅವಳ ಮುಖ ನೋಡಲಿಲ್ಲ. ದೊಡ್ಡ ವಿಜ್ಞಾನಿಗಳೆಲ್ಲ ದೊಡ್ಡ ಮನುಷ್ಯರಾಗಿರಲೇಬೇಕೆಂದಿಲ್ಲ ಎಂಬುದಕ್ಕೆ ಈತನ ಬದುಕೇ ಸಾಕ್ಷಿ.

ಬಾಯಿ ಸುಟ್ಟ ಗಂಜಿ

ಆರಿದೆ ಎಂದುಕೊಂಡು ಬಾಯಿಗಿಟ್ಟ ಗಟ್ಟಿ ಗಂಜಿ ನಾಲಿಗೆ ಸುಡುತ್ತದೆ. ತಿಳಿಸಾರು ಮಾತ್ರ ಬೇಗ ಆರುತ್ತದೆ. ಇದು ನಮ್ಮೆಲ್ಲರ ಅನುಭವ. ಗಟ್ಟಿಯಾದ ಅಕ್ಕಿ ಸೂಪು ಮತ್ತು ಸೇಬಿನ ಕಡುಬಿನಿಂದ ಬಾಯಿ ಸುಟ್ಟುಕೊಂಡ ಥಾಮ್ಸನ್ ಅದನ್ನು ಅಲ್ಲಿಗೇ ಬಿಡಲಿಲ್ಲ. ಏಕೆ ಹೀಗೆ ಎಂದು ಯೋಚಿಸಿದ.

ಉತ್ತರ ಸಿಕ್ಕಿದ್ದು ಕಿಟಕಿಯ ಬಳಿ ಆರಲು ಇಟ್ಟಿದ್ದ ದೊಡ್ಡ ಥರ್ಮಾಮೀಟರ್ ಒಂದರಲ್ಲಿ. ಒಳಗಿನ ದ್ರವದಲ್ಲಿ ಸೇರಿಕೊಂಡಿದ್ದ ಧೂಳಿನ ಕಣಗಳು ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಹರಿಯುತ್ತಿದ್ದವು. ದ್ರವ ತಾನೇ ಚಲಿಸಿ ಶಾಖವನ್ನು ಹೊತ್ತೊಯ್ಯುತ್ತದೆ, ಗಟ್ಟಿ ಗಂಜಿಯಲ್ಲಿ ಆ ಚಲನೆಗೆ ಜಾಗವಿಲ್ಲ ಎಂದು ಆತ ಅರ್ಥ ಮಾಡಿಕೊಂಡ. ತುಪ್ಪಳ, ಉಣ್ಣೆ ಬೆಚ್ಚಗಿಡುವುದು ಕೂಡ ಅವುಗಳ ಎಳೆಗಳ ನಡುವೆ ಗಾಳಿ ಅಲುಗಾಡದೆ ನಿಲ್ಲುವುದರಿಂದ ಎಂದು ಪ್ರಯೋಗ ಮಾಡಿ ತೋರಿಸಿದ. ಶಾಖದ ಕುರಿತ ಕೆಲಸಕ್ಕೆ 1792ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ದೊರೆಯಿತು.

ಬೆಂಕಿಯಿಲ್ಲದೆ ಕುದಿದ ನೀರು

1784ರ ನಂತರ ಆತ ಜರ್ಮನಿಯ ಬವೇರಿಯಾದ ಅರಸನ ಸೇವೆಗೆ ಸೇರಿದ. ಮ್ಯೂನಿಕ್‌ನಲ್ಲಿ ಭಿಕ್ಷುಕರಿಗೆ ಕೆಲಸದ ಮನೆ ತೆರೆದು, ಅವರಿಂದ ಸೈನಿಕರ ಬಟ್ಟೆ ಹೊಲಿಸಿದ. ಬಾರ್ಲಿ, ಬಟಾಣಿ, ಆಲೂಗಡ್ಡೆಯ ಅಗ್ಗದ ಸೂಪು ಹಂಚಿಸಿದ. ಸೌದೆ ಉಳಿಸುವ ಒಲೆಗಳನ್ನು ಕಟ್ಟಿಸಿದ. ಇದಕ್ಕೆಲ್ಲ ಕೌಂಟ್ ಪದವಿ ಬಂದಾಗ, ತಾನು ಮೇಷ್ಟ್ರಾಗಿದ್ದ ಊರಿನ ಹೆಸರನ್ನೇ ಇಟ್ಟುಕೊಂಡು ಕೌಂಟ್ ರಮ್‌ಫೋರ್ಡ್ ಆದ.

ಶಾಖವೆಂದರೆ ವಸ್ತುಗಳ ಒಳಗಿರುವ ಒಂದು ಬಗೆಯ ದ್ರವ ಎಂದು ಆಗಿನ ವಿಜ್ಞಾನಿಗಳಲ್ಲಿ ಬಹುಪಾಲು ಜನ ನಂಬಿದ್ದರು. ಅದಕ್ಕೆ ಕ್ಯಾಲೋರಿಕ್ ಎಂದು ಹೆಸರಿಟ್ಟವನು ಫ್ರಾನ್ಸಿನ ಲವೋಸಿಯೆ. ಮ್ಯೂನಿಕ್‌ನ ಆಯುಧ ಕಾರ್ಖಾನೆಯಲ್ಲಿ ಫಿರಂಗಿ ಕೊರೆಯುವಾಗ ಲೋಹ ವಿಪರೀತ ಬಿಸಿಯಾಗುವುದನ್ನು ರಮ್‌ಫೋರ್ಡ್ ಗಮನಿಸಿದ. ಮೊಂಡು ಕೊರೆಯುಳಿಯನ್ನು ಸುಮಾರು ಎಂಟೂವರೆ ಲೀಟರ್ ನೀರಿನೊಳಗಿಟ್ಟು, ಕುದುರೆಗಳಿಂದ ತಿರುಗಿಸಿದ. ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ಬೆಂಕಿ ಎಲ್ಲೂ ಇರಲಿಲ್ಲ. ಉಜ್ಜುತ್ತಾ ಹೋದಷ್ಟೂ ಶಾಖ ಬರುತ್ತಲೇ ಇತ್ತು. ಮುಗಿಯದೆ ಬರುವುದು ವಸ್ತುವಿನಲ್ಲಿ ತುಂಬಿಟ್ಟ ದ್ರವವಾಗಿರಲು ಸಾಧ್ಯವಿಲ್ಲ, ಶಾಖವೆಂದರೆ ಒಂದು ಬಗೆಯ ಚಲನೆ ಎಂದು 1798ರಲ್ಲಿ ಆತ ವಾದಿಸಿದ. ಅದು ಪೂರ್ತಿ ಒಪ್ಪಿಗೆಯಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

1799ರಲ್ಲಿ ಲಂಡನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಸ್ಥಾಪಿಸುವುದರಲ್ಲಿ ಮುಂದಾಳಾದ. ಮುಂದೆ ಮೈಕೆಲ್ ಫ್ಯಾರಡೆ ಕೆಲಸ ಮಾಡಿದ್ದು ಅಲ್ಲಿಯೇ.

ಮುರಿದ ಮದುವೆ, ಮಾಗಿದ ಕಾಫಿ

1805ರಲ್ಲಿ ರಮ್‌ಫೋರ್ಡ್ ಪ್ಯಾರಿಸ್‌ನಲ್ಲಿ ಮತ್ತೆ ಮದುವೆಯಾದ. ವಧು ಬೇರೆ ಯಾರೂ ಅಲ್ಲ, ಕ್ರಾಂತಿಕಾರಿಗಳು ತಲೆ ಕಡಿದ ಲವೋಸಿಯೆಯ ವಿಧವೆ ಮರಿ ಆನ್. ಆಕೆಗೆ ಮನೆ ತುಂಬ ಅತಿಥಿಗಳು ಬೇಕು, ಈತನಿಗೆ ಮೌನ ಬೇಕು. ಒಮ್ಮೆ ಅತಿಥಿಗಳು ಬಾರದಂತೆ ಈತ ಗೇಟಿಗೆ ಬೀಗ ಹಾಕಿಸಿದ. ಆಕೆ ಈತನ ಪ್ರೀತಿಯ ಹೂಗಿಡಗಳಿಗೆ ಕುದಿಯುವ ನೀರು ಸುರಿದಳು. ಮಗಳಿಗೆ ಬರೆದ ಪತ್ರದಲ್ಲಿ ಆತನೇ ಇದನ್ನು ಹೇಳಿಕೊಂಡಿದ್ದಾನೆ. 1809ರಲ್ಲಿ ಇಬ್ಬರೂ ಬೇರೆಯಾದರು.

ಒಂಟಿಯಾದ ರಮ್‌ಫೋರ್ಡ್ 1812ರಲ್ಲಿ ಕಾಫಿಯ ಗುಣ ಮತ್ತು ಅದನ್ನು ಮಾಡುವ ಬಗೆ ಕುರಿತು ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ಆ ಕಾಲದಲ್ಲಿ ಪುಡಿಯನ್ನು ನೀರಿಗೆ ಹಾಕಿ ಕುದಿಸುವುದೇ ರೂಢಿ. ಕುದಿತದ ಕಲಕಾಟದಲ್ಲಿ ಪರಿಮಳ ಹಾರಿಹೋಗುತ್ತದೆ ಎಂದು ಆತ ವಿವರಿಸಿದ. ಪುಡಿಯನ್ನು ಸಮವಾಗಿ ಹರಡಿ ಹಗುರವಾಗಿ ಒತ್ತಿ, ಮೇಲಿಂದ ಬಿಸಿನೀರು ಹಾಕಿ ನಿಧಾನವಾಗಿ ಇಳಿಸಬೇಕು. ಇಳಿದದ್ದು ಆರದಂತೆ ಪಾತ್ರೆಯ ಸುತ್ತ ಬಿಸಿನೀರಿನ ಕವಚವಿರಬೇಕು. ತನ್ನ ಯಾವ ಸಾಧನಕ್ಕೂ ಆತ ಪೇಟೆಂಟ್ ಪಡೆಯಲಿಲ್ಲ. 1814ರ ಆಗಸ್ಟ್ 21ರಂದು ಪ್ಯಾರಿಸ್ ಬಳಿಯ ಓತೈನಲ್ಲಿ ತೀರಿಕೊಂಡ.

ನಮ್ಮ ಮನೆಯ ಸ್ಟೀಲ್ ಕಾಫಿ ಫಿಲ್ಟರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ: ಮೇಲೆ ಪುಡಿ, ಒತ್ತಲು ಬಿಲ್ಲೆ, ಕೆಳಗೆ ಇಳಿಯುವ ಡಿಕಾಕ್ಷನ್.

ಯಂತ್ರ ಕೊಳ್ಳುವ ಮುನ್ನ ರಮ್‌ಫೋರ್ಡ್ ಪಾಠ

• ಉಷ್ಣತೆ: ಪುಡಿಯ ಮೇಲೆ ಬೀಳುವ ನೀರು ಸುಮಾರು 92ರಿಂದ 96 ಡಿಗ್ರಿ ಇದ್ದರೆ ಒಳ್ಳೆಯದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ.

• ವ್ಯಾಟ್: ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು ಹತ್ತನೇ ಒಂದು ಯೂನಿಟ್ ವಿದ್ಯುತ್ ಸಾಕು. 1500 ವ್ಯಾಟ್ ಯಂತ್ರ ಬೇಗ ಕಾಯಿಸುತ್ತದೆ, 750 ವ್ಯಾಟ್‌ನದು ನಿಧಾನ. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬಿಲ್ ಏರಿಸುವುದು ದಿನವಿಡೀ ನೀರನ್ನು ಬಿಸಿಯಾಗಿಯೇ ಇಡುವ ವ್ಯವಸ್ಥೆ. ಬೇಕಾದಾಗಷ್ಟೇ ಕಾಯಿಸುವ ಯಂತ್ರ ಅಥವಾ ಶಾಖ ಸೋರದ ದಪ್ಪ ಕವಚದ ಯಂತ್ರ ಆರಿಸಿ.

• ಜಗ್: ಬಿಸಿ ತಟ್ಟೆಯ ಮೇಲೆ ಗಂಟೆಗಟ್ಟಲೆ ಕೂತ ಡಿಕಾಕ್ಷನ್ ಕಹಿಯಾಗುತ್ತದೆ. ಫ್ಲಾಸ್ಕ್ ಮಾದರಿಯ ಜಗ್ ವಾಸಿ.

• ನಳಿಕೆ: ಕಾಫಿಗೂ ಬಿಸಿನೀರಿಗೂ ಬೇರೆ ಬೇರೆ ನಳಿಕೆ ಇರಲಿ. ಒಂದೇ ಆದರೆ ನಿಮ್ಮ ಚಹಾದಲ್ಲೂ ಕಾಫಿ ವಾಸನೆ ಬರುತ್ತದೆ.

• ಸುರಕ್ಷತೆ: ಮಕ್ಕಳಿರುವ ಮನೆಯಲ್ಲಿ ಬಿಸಿನೀರಿನ ಗುಂಡಿಗೆ ಚೈಲ್ಡ್ ಲಾಕ್ ಇರಲೇಬೇಕು. 60 ಡಿಗ್ರಿ ನೀರು ಕೂಡ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ.

• ಬೋರ್‌ವೆಲ್ ನೀರು: ಗಡಸು ನೀರು ಒಳಗೆ ಬಿಳಿ ಪದರ ಕಟ್ಟುತ್ತದೆ. ಸುಲಭವಾಗಿ ಸಿಟ್ರಿಕ್ ಆಸಿಡ್ ಹಾಕಿ ತೊಳೆಯಬಹುದಾದ ಮಾದರಿ ನೋಡಿ.

ನಂಬಿಕೆ ಮತ್ತು ನಿಜ

ನಂಬಿಕೆ: ಎರಡನೇ ಸಲ ಕುದಿಸಿದ ನೀರು ವಿಷ.
ನಿಜ: ಅಲ್ಲ. ಕುಡಿಯಲು ಯೋಗ್ಯವಾದ ನೀರನ್ನು ಮತ್ತೊಮ್ಮೆ ಕಾಯಿಸಿದರೆ ಅಪಾಯವಿಲ್ಲ. ಬಹುಪಾಲು ನೀರು ಆವಿಯಾಗಿ ಹೋದರೆ ಮಾತ್ರ ಲವಣಾಂಶ ದಟ್ಟವಾಗುತ್ತದೆ.

ನಂಬಿಕೆ: ಬಿಸಿನೀರಿನ ಯಂತ್ರವಿದ್ದರೆ ಫಿಲ್ಟರ್ ಬೇಡ.
ನಿಜ: ಅದು ಶುದ್ಧೀಕರಣ ಯಂತ್ರವಲ್ಲ. ಕುಡಿಯುವ ನೀರನ್ನೇ ತುಂಬಿ.

ನಂಬಿಕೆ: ಸುಡುಸುಡು ಕುಡಿದಷ್ಟೂ ಆರೋಗ್ಯ.
ನಿಜ: 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವ ಅಭ್ಯಾಸ ಬಹುಶಃ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ಸ್ವಲ್ಪ ಆರಿಸಿ ಕುಡಿಯಿರಿ.

ನಂಬಿಕೆ: ಪರ್ಕೋಲೇಟರ್ ಕಂಡುಹಿಡಿದವನು ರಮ್‌ಫೋರ್ಡ್.
ನಿಜ: ಅರ್ಧ ಸತ್ಯ. ಪರ್ಕೋಲೇಟರ್‌ನಲ್ಲಿ ಕುದಿಯುವ ಕಾಫಿಯೇ ಮತ್ತೆ ಮತ್ತೆ ಪುಡಿಯ ಮೇಲೆ ಬೀಳುತ್ತದೆ. ರಮ್‌ಫೋರ್ಡ್ ಬೇಡವೆಂದದ್ದು ಅದನ್ನೇ. ಆತ ಸುಧಾರಿಸಿದ್ದು ಫ್ರಾನ್ಸಿನಲ್ಲಿ ಆಗಲೇ ಬಳಕೆಯಲ್ಲಿದ್ದ, ನೀರು ಒಂದೇ ಸಲ ಇಳಿಯುವ ಪಾತ್ರೆಯನ್ನು.

ರಮ್‌ಫೋರ್ಡ್ ಕೂಡ ತಪ್ಪಿದ್ದುಂಟು. ದ್ರವಗಳ ಮೂಲಕ ಶಾಖ ವಹನವಾಗುವುದೇ ಇಲ್ಲ ಎಂದು ಆತ ವಾದಿಸಿದ್ದ. ನಂತರದವರ ಪ್ರಯೋಗಗಳು ಅದು ಸರಿಯಲ್ಲ ಎಂದು ತೋರಿಸಿದವು. ಹೇಳಿದವರು ಎಷ್ಟೇ ದೊಡ್ಡವರಾದರೂ ಅಳೆದು ನೋಡಿಯೇ ಒಪ್ಪಬೇಕು. ಮೊಬೈಲಿಗೆ ಬರುವ ಆರೋಗ್ಯ ಸಲಹೆಗೂ, ಯಂತ್ರದ ಡಬ್ಬಿಯ ಮೇಲಿನ ಜಾಹೀರಾತಿಗೂ ಈ ಮಾತು ಸಲ್ಲುತ್ತದೆ.