ಶಾಲೆಯ ಕುರ್ಚಿಯಿಂದ ಪತ್ರಿಕೆ ನಡೆಸಿದ ತಾತಯ್ಯನವರು

ಪ್ರೌಢಶಾಲೆಯ ಮಕ್ಕಳಿಗೆ ಚಿತ್ರಕಲೆ, ನಾಟಕಗಳ ಜೊತೆಗೆ ಪತ್ರಿಕಾ ಬರವಣಿಗೆಯನ್ನೂ ಕಲಿಸಬೇಕೆಂಬ ಮಾತು ಈಗ ಶಿಕ್ಷಣ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಅನೇಕ ಶಾಲೆಗಳಲ್ಲಿ ಗೋಡೆಪತ್ರಿಕೆ, ಕೈಬರಹದ ಸಂಚಿಕೆ, ವಾರ್ಷಿಕೋತ್ಸವದ ನಾಟಕಗಳು ನಡೆಯುತ್ತಲೂ ಇವೆ. ಇದನ್ನು ಹೊಸದೆಂದು ಭಾವಿಸುವವರು ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಅಲ್ಲಿ ಪತ್ರಿಕೋದ್ಯಮವು ಪಾಠಪಟ್ಟಿಯಲ್ಲಿ ಇರಲಿಲ್ಲ. ಅದು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿಯೇ ಕುಳಿತಿತ್ತು. ಆ ಮುಖ್ಯೋಪಾಧ್ಯಾಯರೇ ಎಂ. ವೆಂಕಟಕೃಷ್ಣಯ್ಯನವರು, ಮೈಸೂರು ಸೀಮೆಯ ಜನರ ಬಾಯಲ್ಲಿ ತಾತಯ್ಯನವರು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆ ಗ್ರಾಮದಲ್ಲಿ 1844ರಲ್ಲಿ ಅವರ ಜನನವಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಹರ್ಮನ್ ಮೋಗ್ಲಿಂಗರ ಮಂಗಳೂರ ಸಮಾಚಾರ ಹೊರಟು ಕನ್ನಡದಲ್ಲಿ ಪತ್ರಿಕೆಯೆಂಬುದು ಕಣ್ಣು ತೆರೆದಿತ್ತು. ಕನ್ನಡ ಪತ್ರಿಕೆಯೂ ತಾತಯ್ಯನವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರೆಂದರೆ ಸಲ್ಲುತ್ತದೆ.

ಅವರ ಹೆಸರಿನೊಡನೆ ಎಂದೆಂದಿಗೂ ಬೆಸೆದುಕೊಂಡಿರುವ ಶಾಲೆಯು ಒಬ್ಬ ದಾನಿಯ ಔದಾರ್ಯದಿಂದ ಹುಟ್ಟಿದುದು. ಅರಮನೆಯ ಸೇವೆಯಲ್ಲಿದ್ದ ಗುರಿಕಾರ ಮರಿಮಲ್ಲಪ್ಪನವರು ತಾವು ಸಂಪಾದಿಸಿದ ಧನವನ್ನು ವಿದ್ಯಾದಾನಕ್ಕೆ ಬಿಟ್ಟುಹೋದರು. ದಾನಿಯು ಹಣವನ್ನು ಕೊಡಬಲ್ಲನು, ಕಟ್ಟಡವನ್ನು ಕಟ್ಟಿಸಬಲ್ಲನು. ಆದರೆ ಆ ಗೋಡೆಗಳ ನಡುವೆ ಯಾವ ಗಾಳಿ ಬೀಸಬೇಕೆಂಬುದನ್ನು ಮರಣಶಾಸನದಲ್ಲಿ ಬರೆದಿಡಲಾಗದು. ಆ ಕೆಲಸ ಉಪಾಧ್ಯಾಯರದು. ಮರಿಮಲ್ಲಪ್ಪನವರ ದಾನಕ್ಕೆ ವೆಂಕಟಕೃಷ್ಣಯ್ಯನವರಂತಹ ಮುಖ್ಯೋಪಾಧ್ಯಾಯರು ದೊರೆತುದು ಆ ದಾನದ ಪುಣ್ಯವೆಂದೇ ಹೇಳಬೇಕು. ದೀರ್ಘಕಾಲ ಅವರು ಆ ಹೊಣೆಯನ್ನು ಹೊತ್ತರು.

ಶಾಲೆಯ ಗಂಟೆ ಬಾರಿಸಿದ ಮೇಲೆ ಅವರ ಎರಡನೆಯ ದಿನ ಆರಂಭವಾಗುತ್ತಿತ್ತು. 1885ರಲ್ಲಿ ಅವರು ವೃತ್ತಾಂತ ಚಿಂತಾಮಣಿ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಮುಂದೆ ಸಾಧ್ವಿ, ಸಂಪದಭ್ಯುದಯ, ಇಂಗ್ಲಿಷಿನಲ್ಲಿ ಮೈಸೂರು ಹೆರಾಲ್ಡ್, ಮೈಸೂರು ಪೇಟ್ರಿಯಟ್ ಮೊದಲಾದ ಪತ್ರಿಕೆಗಳೂ ಅವರ ಹೆಸರಿನೊಡನೆ ಸೇರಿದವು. ಒಂದು ಪತ್ರಿಕೆ ನಡೆಸುವುದೇ ಗೃಹಸ್ಥನ ಮನೆಯನ್ನು ಬರಿದುಮಾಡುವ ವ್ಯವಹಾರವಾಗಿದ್ದ ಕಾಲದಲ್ಲಿ ಇಷ್ಟೊಂದನ್ನು ಕೈಗೆತ್ತಿಕೊಂಡುದು ವಿವೇಕವೇ ಎಂದು ಲೆಕ್ಕ ಬಲ್ಲವರು ಕೇಳಿಯಾರು. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಬೇಕಾಗಿದ್ದ, ಓದುಬಲ್ಲವರ ಸಂಖ್ಯೆಯೇ ಅಲ್ಪವಾಗಿದ್ದ ದಿನಗಳವು. ಆದರೆ ತಾತಯ್ಯನವರಿಗೆ ಪತ್ರಿಕೆಯು ದೊಡ್ಡವರ ಶಾಲೆಯಾಗಿತ್ತು. ಆರೋಗ್ಯ, ದುಡಿಮೆ, ನಡತೆ, ಪ್ರಜೆಯ ಹಕ್ಕು ಇವುಗಳನ್ನು ಅವರು ಅದರಲ್ಲಿ ಪಾಠದಂತೆಯೇ ತಿಳಿಯಹೇಳಿದರು.

ಆಡಳಿತದ ವಿಮರ್ಶೆಯೂ ಅದರಲ್ಲಿ ಸೇರಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಸದಸ್ಯರೊಡನೆ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾತಯ್ಯನವರು ಮುಂದೆ ಸದಸ್ಯರಾಗಿ ಕುಳಿತವರು. ಶಾಲೆಯೊಂದರ ಮುಖ್ಯಸ್ಥನು ಸರ್ಕಾರದ ಲೋಪಗಳನ್ನು ಅಚ್ಚುಮಾಡುವುದು ಎಷ್ಟು ಇಕ್ಕಟ್ಟಿನ ಕೆಲಸವೆಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸಿದವರಿಗೆ ವಿವರಿಸಬೇಕಾಗಿಲ್ಲ.

ಪರೀಕ್ಷೆಯ ಕಾಲ ಬಂದುದು 1908ರಲ್ಲಿ. ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ಮೇಲೆ ಒಂದು ನಿಬಂಧನೆಯನ್ನು ಜಾರಿಗೆ ತಂದಿತು. ಪತ್ರಿಕೆ ನಡೆಸುವವನು ಸರ್ಕಾರದ ಅನುಮತಿ ಪಡೆಯಬೇಕು. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ಹಾಗೆ ಪಡೆದರೆ ನ್ಯಾಯಾಲಯದ ಮೊರೆಹೋಗಲು ದಾರಿಯಿಲ್ಲ. ಇದರ ತಿರುಳನ್ನು ತಾತಯ್ಯನವರು ಕೂಡಲೇ ಗ್ರಹಿಸಿದರು. ಅನುಮತಿ ಬೇಡಿ, ಮೃದುವಾಗಿ ಬರೆಯುತ್ತ, ಪತ್ರಿಕೆಗಳನ್ನು ಉಳಿಸಿಕೊಳ್ಳುವ ಮಾರ್ಗ ಅವರೆದುರಿಗಿತ್ತು. ಅದನ್ನು ಅವರು ತುಳಿಯಲಿಲ್ಲ. ಪ್ರತಿಭಟನೆಯ ಕುರುಹಾಗಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಟ್ಟರು.

ಈ ನಿರ್ಧಾರದ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ಮಾತನಾಡಬಲ್ಲವನೇ ಮೌನ ತಾಳಿದರೆ ಕಾನೂನು ಬಯಸಿದುದೇ ಈಡೇರಿದಂತಾಗಲಿಲ್ಲವೇ, ಓದುಗರು ಅನಾಥರಾಗಲಿಲ್ಲವೇ ಎಂಬ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಆ ನಷ್ಟ ನಿಜವಾದುದೇ. ಆದರೂ ಪ್ರತಿದಿನ ತರಗತಿಯಲ್ಲಿ ಸತ್ಯವನ್ನು ಬೋಧಿಸುವ ಉಪಾಧ್ಯಾಯನು, ಯಾವ ವಾಕ್ಯಕ್ಕೆ ಅನುಮತಿ ತಪ್ಪೀತೆಂದು ಅಳುಕುತ್ತ ಸಂಜೆ ಲೇಖನಿ ಹಿಡಿಯುವುದಕ್ಕಿಂತ ಲೇಖನಿಯನ್ನು ಕೆಳಗಿಡುವುದೇ ಲೇಸೆಂದು ಈ ಲೇಖಕನಿಗೆ ತೋರುತ್ತದೆ. ಹುಡುಗರು ಗುರುವಿನ ಮಾತಿಗಿಂತ ನಡತೆಯನ್ನು ಬೇಗ ಓದಿಕೊಳ್ಳುತ್ತಾರೆ.

ಮುಂದೆ ಅವರ ಶಿಷ್ಯರಾದ ಅಗರಂ ರಂಗಯ್ಯನವರು ಸಾಧ್ವಿಯನ್ನು ನಡೆಸಿ ಮೈಸೂರಿನ ಪತ್ರಿಕಾಲೋಕದಲ್ಲಿ ಹೆಸರಾದರು. ಮೈಸೂರಿನ ಅನಾಥಾಲಯವು ತಾತಯ್ಯನವರ ಮತ್ತೊಂದು ಮಹತ್ಕಾರ್ಯ. ಊರು ಬಿಟ್ಟು ಓದಲು ಬಂದ ನಿರ್ಗತಿಕ ಬಾಲಕರಿಗೆ ಅನ್ನ, ಆಶ್ರಯಗಳು ಇಲ್ಲದೆ ವಿದ್ಯೆಯು ಒಲಿಯದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ದಯಾಸಾಗರರೆಂಬ ಹೆಸರು ಅವರಿಗೆ ಬಂದುದು ಇಂತಹ ಕಾರ್ಯಗಳಿಂದಲೇ. ಅನ್ನದಾಸೋಹ, ಜ್ಞಾನದಾಸೋಹಗಳನ್ನು ಒಟ್ಟಿಗೆ ಕಂಡ ನಮ್ಮ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಬೆಳೆದವರಿಗೆ ಇದರ ಬೆಲೆ ಬೇರೆಯವರಿಗಿಂತ ಹೆಚ್ಚಾಗಿ ತಿಳಿದೀತು.

1922ರಲ್ಲಿ ದಾವಣಗೆರೆಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದಾಗ ಅವರಿಗೆ ವಯಸ್ಸು ಎಪ್ಪತ್ತೆಂಟರ ಹತ್ತಿರ. ಕಾವ್ಯದಿಂದ ಹೆಸರು ಗಳಿಸಿದವರಲ್ಲದ ಒಬ್ಬ ಶಾಲಾ ಮಾಸ್ತರರಿಗೆ, ಪತ್ರಿಕಾಕರ್ತರಿಗೆ ನಾಡು ಆ ಪೀಠವನ್ನು ನೀಡಿತು. ಮತ್ತೆ ಹನ್ನೊಂದು ವರ್ಷಗಳ ಕಾಲ ಬದುಕಿದ್ದು 1933ರಲ್ಲಿ ಅವರು ತೀರಿಕೊಂಡರು. ಮೈಸೂರಿನವರು ನಗರದ ನಡುವೆ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಮರಿಮಲ್ಲಪ್ಪನವರ ಹೆಸರಿನ ಶಾಲೆಯಲ್ಲಿ ಇಂದಿಗೂ ಪಾಠಗಳು ನಡೆಯುತ್ತಿವೆ.